ತೊಳೆಯದ ಗಡಿಗೆ ತಿರುವು

ತುರುವೇಕೆರೆ ಕಡೆಯಿಂದ ಬರೋ ರಸ್ತೆ ಹೊಂಗೇನಹಳ್ಳಿ ದಾಟಿ, ಕೆರೆ ಕೋಡಿ ಹತ್ರ ಬಲಕ್ಕೆ ಬಗ್ಗಿ ದಿಬ್ಬ ಹತ್ತೋ ಜಾಗಕ್ಕೆ ತೊಳೆಯದ ಗಡಿಗೆ ತಿರುವು ಅಂತ ಹೆಸರು. ಸರ್ಕಾರದೋರು ನೆಟ್ಟಿರೋ ಕಲ್ಲಲ್ಲಿ ಬೇರೇನೋ ಬರೆದೈತೆ, ಅದನ್ನ ಯಾರೂ ಓದಲ್ಲ. ಕಂಡಕ್ಟರು "ಗಡಿಗೆ ಯಾರ್ರೀ, ಗಡಿಗೆ" ಅಂತ ಕೂಗ್ತಾನೆ, ಇಳಿಯೋರು ಇಳೀತಾರೆ. ಇಳಿದೋರ ಮೂಗಿಗೆ ಮೊದಲು ಬಡಿಯೋದು ಹುರುಳಿ ಸಾರಿನ ಘಮ. ಎದುರಿಗೇ ಹೋಟ್ಲು. ಭಾನುವಾರ ಆದ್ರೆ ಕಾರುಗಳು ಕೋಡಿವರೆಗೂ ನಿಂತಿರ್ತವೆ. ಒಂದೇ ಟೇಬಲ್ಲಿಗೆ ತಾತ, ಮಗ, ಮೊಮ್ಮಕ್ಕಳು ಎಲ್ಲಾ ಕೂತು, ತಾತಂಗೆ ಮುದ್ದೆ ಸಾರು, ಮಗನಿಗೆ ಹುಚ್ಚೆಳ್ಳು ಚಟ್ನಿ ಜೊತೆ ರೊಟ್ಟಿ, ಕೂಸಿಗೆ ತುಪ್ಪದನ್ನ. ಬಾಗಿಲ ಪಕ್ಕ ಒಂದು ಕಲ್ಲಿನ ಪೀಠ, ಅದರ ಮೇಲೆ ಮಸಿ ಹಿಡಿದ ಮಣ್ಣಿನ ಗಡಿಗೆ. ಅದಕ್ಕೆ ಅರಿಶಿನ ಕುಂಕುಮ, ಸೇವಂತಿಗೆ ಹೂವು. ಮಾಲೀಕ ಮಧುಕುಮಾರ ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದು ಎಲ್ಲರಿಗೂ ಕತೆ ಹೇಳ್ತಾನೆ. ನಮ್ಮಜ್ಜಿ ಬೆಟ್ಟಮ್ಮ ಒಲೆ ಮೇಲೆ ಇಟ್ಟ ಗಡಿಗೆ ಸ್ವಾಮಿ, ಅವತ್ತಿಂದ ಇವತ್ತಿನವರೆಗೂ ಬರಿದಾಗಿಲ್ಲ, ತೊಳೆದಿಲ್ಲ, ಅಜ್ಜಿ ಸತ್ತ ದಿನ ಸೂತಕ ತಾಗಬಾರದು ಅಂತ ನಮ್ಮಮ್ಮ ಕುದಿಯೋ ಗಡಿಗೇನ ತಲೆ ಮೇಲೆ ಹೊತ್ಕೊಂಡು ರಸ್ತೆ ದಾಟಿದ್ರು ಅಂತಾನೆ. ಕೇಳ್ದೋರು ಅಬ್ಬಬ್ಬಾ ಅಂತಾರೆ, ಫೋನಲ್ಲಿ ಫೋಟೋ ಹಿಡೀತಾರೆ. ತಿರುವಿನ ಹಳೇ ಜನ ಮಾತ್ರ ಎಲೆ ಅಡಿಕೆ ಅಗೀತಾ ಆಚೆ ಕಡೆ ನೋಡ್ತಾರೆ. ಗಡಿಗೆ ರಸ್ತೆ ದಾಟಿದ್ದು ನಿಜ. ಹೊತ್ತ ತಲೆ ಬೇರೆ.

ಹಿಂದೆ, ಈ ರಸ್ತೆಗೆ ಟಾರು ಬೀಳೋಕೂ ಮುಂಚೆ, ಇಲ್ಲಿ ಎತ್ತಿನ ಗಾಡಿಗಳು ನಿಲ್ತಿದ್ವಂತೆ. ದಿಬ್ಬ ಹತ್ತೋಕೆ ಮುಂಚೆ ಎತ್ತಿಗೆ ಹುರುಳಿ ಬೇಯಿಸಿ ಹಾಕ್ಬೇಕು. ಬೆಟ್ಟಮ್ಮ ಅನ್ನೋಳು ಗಂಡ ಸತ್ತು ಎರಡು ಮಕ್ಕಳನ್ನ ಕಟ್ಕೊಂಡು ಇಲ್ಲೇ ಒಂದು ಚಪ್ಪರ ಹಾಕಿದ್ಲು. ಗಾಡಿಯೋರು ಕಾಳು ಕೊಡ್ತಿದ್ರು, ಇವಳು ಬೇಯಿಸಿ ಕೊಡ್ತಿದ್ಲು. ಬೆಂದ ಕಾಳು ಎತ್ತಿಗೆ, ಬಸಿದ ಕಟ್ಟು ಇವಳಿಗೆ. ಆ ಕಟ್ಟಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು ಹಾಕಿ ಸಾರು ಕುದಿಸಿ, ಒಂದು ಮುದ್ದೆ ಜೊತೆ ಅದೇ ಗಾಡಿಯೋನ ಮುಂದೆ ಇಡ್ತಿದ್ಲು. ಎತ್ತೂ ಉಣ್ತು, ಯಜಮಾನನೂ ಉಂಡ. ಹುರುಳಿ ಸಾರಿನ ಗುಣ ಎಲ್ಲರಿಗೂ ಗೊತ್ತಿರೋದೇ, ಇವತ್ತಿಗಿಂತ ನಾಳೆ ಚೆಂದ, ನಾಳೆಗಿಂತ ನಾಡಿದ್ದು ಚೆಂದ. ಅದಕ್ಕೇ ಬೆಟ್ಟಮ್ಮ ಗಡಿಗೇನ ಬರಿದು ಮಾಡ್ತಿರಲಿಲ್ಲ. ತಳದಲ್ಲಿ ಉಳಿದಿದ್ದನ್ನ ಸಾಯಂಕಾಲ ಮತ್ತೆ ಕುದಿಸಿ ಮುಚ್ಚೋದು, ಬೆಳಿಗ್ಗೆ ಅದಕ್ಕೇ ಹೊಸಾ ಕಟ್ಟು ಸುರಿಯೋದು. ಗ್ರಹಣ ಬಂದ್ರೆ ಊರೆಲ್ಲ ಮಾಡಿದ ಅಡುಗೆ ಚೆಲ್ತಿದ್ರು, ಇವಳು ಗಡಿಗೆ ಬಾಯಿಗೆ ಗರಿಕೆ ಹಾಕಿ ಬಟ್ಟೆ ಕಟ್ಟಿ ಸುಮ್ನಾಗ್ತಿದ್ಲು. ಕೇಳ್ದೋರಿಗೆ "ಸೂರ್ಯಂಗೆ ಹಿಡಿದ ರಾಹು ನನ್ನ ಸಾರಿಗ್ಯಾಕೆ ಹಿಡೀತಾನೆ, ಅವನಿಗೂ ಹಸಿವಾದ್ರೆ ಬಂದು ಉಣ್ಲಿ" ಅಂತಿದ್ಲಂತೆ.

ಬೆಟ್ಟಮ್ಮನಿಗೆ ಮಗಳು ದೊಡ್ಡೋಳು, ಮಂಚಮ್ಮ. ಮಗ ಚಿಕ್ಕೋನು, ಚೌಡಪ್ಪ. ಮಂಚಮ್ಮನ್ನ ಆಚೆ ಹೋಬಳಿಗೆ ಕೊಟ್ಟಿದ್ರು. ಕಟ್ಕೊಂಡೋನು ವರ್ಷ ತುಂಬೋದ್ರೊಳಗೆ ಇನ್ನೊಬ್ಬಳನ್ನ ಮನೆ ತುಂಬಿಸ್ಕೊಂಡ. ಇವಳು ಒಂದು ಟ್ರಂಕು ಹಿಡ್ಕೊಂಡು ಇದೇ ತಿರುವಲ್ಲಿ ಬಂದು ಇಳಿದ್ಲು. ಬೆಟ್ಟಮ್ಮ ಅಳಲಿಲ್ಲ, ಶಾಪ ಹಾಕಲಿಲ್ಲ. ಮಗಳ ಕೈಗೆ ಸೌಟು ಕೊಟ್ಟು, "ಕೂತ್ಕೊಂಡು ಉಣ್ಣೋ ಹೆಣ್ಣಿಗೆ ನೂರು ಮಾತು ಬರ್ತಾವೆ ಮಂಚಿ. ನಿಂತ್ಕೊಂಡು ಬಡಿಸೋಳಿಗೆ ಯಾರೂ ಏನೂ ಅನ್ನಲ್ಲ" ಅಂದ್ಲು. ಮಂಚಮ್ಮ ಅದನ್ನೇ ನಂಬಿಕೊಂಡ್ಲು. ನಂಬಿ ನಿಂತೋಳು ನಿಂತೇ ಇದ್ಲು. ಚಪ್ಪರ ಹೋಗಿ ಹೆಂಚಿನ ಮನೆ ಆಯ್ತು, ಗಾಡಿ ಹೋಗಿ ಲಾರಿ ಬಂತು, ಬಸ್ಸು ಬಂತು, ಬೆಟ್ಟಮ್ಮನ ಮಂಡಿ ಸೋತು ಅವಳು ಒಳಗಿನ ಮಂಚ ಹಿಡಿದ್ಲು. ಗಡಿಗೆ ಪೂರಾ ಮಂಚಮ್ಮನ ಕೈಗೆ ಬಂತು. ಸೌಟಲ್ಲಿ ಕಲಕಿದ್ರೆ ಸಾಕು, ಇವತ್ತು ಉಪ್ಪು ಹಿಂದೋ ಮುಂದೋ ಅಂತ ಅವಳಿಗೆ ಗೊತ್ತಾಗ್ತಿತ್ತಂತೆ. ಕಾಸು ಕರಿಮಣಿ ಆಸೆ ಅವಳಿಗಿರಲಿಲ್ಲ. ಗಂಡನ ಮನೆ ಅನ್ನೋದು ಹೋಯ್ತು, ಈ ಒಲೆ ಮುಂದಿನ ಜಾಗವಾದ್ರೂ ಅವಳದು ಅಂತ ನಾಲ್ಕು ಜನ ಅಂದ್ರೆ ಸಾಕಾಗಿತ್ತು. ಅಷ್ಟೇ ಅವಳ ದುರಾಸೆ.

ಅಷ್ಟರಲ್ಲಿ ಚೌಡಪ್ಪನಿಗೆ ಮದುವೆ ಆಯ್ತು. ಹುಡುಗಿ ತಿಪಟೂರು ಕಡೆಯೋಳು, ವನಜಾಕ್ಷಿ. ಬಿಳೀ ಹುಡುಗಿ, ಪೌಡರು, ಸ್ಲೈಡು, ಎಲ್ಲಾ ಸೈ. ಬಂದ ದಿನವೇ ಅಡುಗೆ ಮನೆ ಹೊಸ್ತಿಲಲ್ಲಿ ನಿಂತು ಸೆರಗು ಮೂಗಿಗೆ ಇಟ್ಕೊಂಡ್ಲು. "ಇದೇನು ಅತ್ತಿಗೆ, ನೆನ್ನೇದು ಮೊನ್ನೇದು ಎಲ್ಲಾ ಒಂದರಲ್ಲೇ. ನಮ್ಮನೇಲಿ ಇದನ್ನ ಕಲಗಚ್ಚು ಅಂತ ಎಮ್ಮೆಗೆ ಇಡ್ತೀವಿ" ಅಂದ್ಲು. ಮಂಚಮ್ಮ ಮುದ್ದೆ ತಿರುವ್ತಾ, "ನಿಮ್ಮನೇಲಿ ಎಮ್ಮೆ ಚೆನ್ನಾಗಿ ಹಾಲು ಕೊಡ್ತದೆ ಅಂತಾರಲ್ಲ, ಅದಕ್ಕೇ ಇರ್ಬೇಕು" ಅಂದ್ಲಂತೆ. ಅವತ್ತಿಂದ ಇಬ್ಬರಿಗೂ ಹಾವು ಮುಂಗುಸಿ. ಚೌಡಪ್ಪ ಮಧ್ಯೆ. ಚೌಡಪ್ಪನ ಸಮಾಚಾರ ತಿರುವಿನೋರಿಗೆಲ್ಲ ಗೊತ್ತು. ಬಾಯಲ್ಲಿ ಮುದ್ದೆ ಇಟ್ಕೊಂಡೇ ಹುಟ್ಟಿದೋನು, ನುಂಗೋದಷ್ಟೇ ಬರೋದು, ಮಾತಾಡೋಕೆ ಬರಲ್ಲ.

ಬೆಟ್ಟಮ್ಮ ಸಾಯೋ ದಿನ ಬಂತು. ನಡು ಮಧ್ಯಾಹ್ನ, ಹೋಟ್ಲು ತುಂಬ ಜನ. ಒಳಗಡೆ ಮಂಚದ ಮೇಲೆ ಮುದುಕಿಗೆ ಗೊರಕೆ ಉಸಿರು ಶುರುವಾಯ್ತು. ಸಾವಾದ ಮನೇಲಿ ಬೇಯಿಸಿದ್ದು ಉಣ್ಣಂಗಿಲ್ಲ, ಮಣ್ಣಿನ ಪಾತ್ರೆ ಇಟ್ಕಳಂಗಿಲ್ಲ, ಇದು ಈ ಸೀಮೆ ಕಟ್ಟಳೆ. ನೀರಿನ ಮಡಕೆಯಿಂದ ಹಿಡಿದು ಉಪ್ಪಿನ ಕುಡಿಕೆವರೆಗೂ ಬೀದಿಗೆ ತಂದು ಒಡೀತಾರೆ. ಮಂಚಮ್ಮ ಅವ್ವನ ತಲೆ ತೊಡೆ ಮೇಲೆ ಇಟ್ಕೊಂಡು, ಬಾಯಿಗೆ ನೀರು ಬಿಡೋಕೆ ಅಂತ ಲೋಟ ಹಿಡ್ಕೊಂಡು ಕೂತಿದ್ಲು. ಚೌಡಪ್ಪ ಬಾಗಿಲಲ್ಲಿ ನಿಂತಿದ್ದ. ಬೆಟ್ಟಮ್ಮ ಕಣ್ಣು ಬಿಟ್ಟು, "ಮಂಚಿ, ಗಡಿಗೆ ಎತ್ತು" ಅಂದ್ಲು. ಮಂಚಮ್ಮ ಕೇಳಿಸದವಳ ಥರ ಕೂತ್ಲು. ಮುದುಕಿ ಉಳಿದಿದ್ದ ಶಕ್ತಿಯೆಲ್ಲ ಕೂಡಿಸಿ ಮಗಳ ಕೈ ತಳ್ಳಿ, "ನನಗೆ ನೀರು ಯಾರಾದ್ರೂ ಬಿಡ್ತಾರೆ. ಅದನ್ನ ನೀನೇ ಎತ್ತಬೇಕು" ಅಂದ್ಲು. ಲೋಟ ಕೆಳಗಿಟ್ಟು ಮಂಚಮ್ಮ ಎದ್ಲು. ತಲೆ ಮೇಲೆ ಸಿಂಬೆ ಇಟ್ಟು, ಒಲೆ ಮೇಲೆ ಕೊತಕೊತ ಅಂತಿದ್ದ ಗಡಿಗೇನ ಹಂಗೇ ಎತ್ತಿ ಹೊತ್ಕೊಂಡ್ಲು. ಉಣ್ತಿದ್ದೋರ ಮಧ್ಯದಿಂದಲೇ ನಡೆದು, ರಸ್ತೆ ದಾಟಿ, ಎದುರು ಮನೆ ಪುಟ್ಟತಾಯಮ್ಮನ ಒಲೆ ಮೇಲೆ ಇಳಿಸಿದ್ಲು. ಕತ್ತಿನ ಮೇಲೆ ಸಾರು ತುಳುಕಿ ಬೊಬ್ಬೆ ಎದ್ದಿತ್ತು, ಅದರ ಪರಿವೆ ಅವಳಿಗಿರಲಿಲ್ಲ. "ಬೆಂಕಿ ಆರಿಸ್ಬೇಡಿ ಪುಟ್ಟತಾಯಕ್ಕ" ಅಂತ ಹೇಳ್ತಿದ್ದಂಗೇ ಆಚೆ ಕಡೆಯಿಂದ ಗೋಳು ಕೇಳಿಸ್ತು.

ಓಡಿ ಬಂದಾಗ ಎಲ್ಲಾ ಮುಗಿದಿತ್ತು. ನೀರು ಬಿಟ್ಟೋಳು ವನಜಾಕ್ಷಿ. ನೆಂಟರು, ಊರೋರು, ಅರ್ಧ ಊಟ ಬಿಟ್ಟು ಎದ್ದು ಬಂದ ಲಾರಿಯೋರು, ಎಲ್ಲರ ಮುಂದೆ ಅವಳು ಸೆರಗಲ್ಲಿ ಕಣ್ಣು ಒರೆಸ್ಕೊಂಡು, "ಹೊಟ್ಟೇಲಿ ಹುಟ್ಟಿದ ಮಗಳಿದ್ದೂ ನನ್ನ ಕೈಲಿ ನೀರು ಕುಡಿದು ಹೋದ್ರಲ್ಲತ್ತೆ. ಅವಳಿಗೆ ನಿಮಗಿಂತ ಗಡಿಗೆ ಹೆಚ್ಚಾಯ್ತಲ್ಲ" ಅಂತ ರಾಗ ತೆಗೆದ್ಲು. ಇಡೀ ಮನೆ ಮಂಚಮ್ಮನ ಕಡೆ ತಿರುಗ್ತು. ಅವಳು ತಮ್ಮನ ಮುಖ ನೋಡಿದ್ಲು. ಅವ್ವ ಹೇಳಿದ್ದನ್ನ ಕೇಳಿಸ್ಕೊಂಡೋನು ಅವನೊಬ್ಬನೇ. ಚೌಡಪ್ಪ ತಲೆ ತಗ್ಗಿಸಿ ಚಟ್ಟಕ್ಕೆ ಬಿದಿರು ತರಬೇಕು ಅಂತ ಆಚೆ ಹೋದ. ಹೋದೋನು ಆ ಮಾತಿಗೆ ವಾಪಸ್ ಬರಲೇ ಇಲ್ಲ.

ಸೂತಕ ಕಳೆಯೋವರೆಗೂ ಗಡಿಗೆ ಪುಟ್ಟತಾಯಮ್ಮನ ಮನೇಲೇ ಇತ್ತು. ಮಂಚಮ್ಮ ಮುಟ್ಟಂಗಿಲ್ಲ. ರಸ್ತೆ ಮಧ್ಯೆ ನಿಂತ್ಕೊಂಡೇ "ಅಕ್ಕಾ, ಕುದಿ ಬಂತಾ? ಕಟ್ಟು ಸುರಿದ್ರಾ? ತಳ ಕಲಕಿ ಅಕ್ಕಾ, ಹತ್ಕೊಂಡಾತು" ಅಂತ ಕೂಗೋಳು. ಪುಟ್ಟತಾಯಮ್ಮ ಒಳಗಿಂದ, "ನಿಮ್ಮವ್ವ ಸತ್ತಿದ್ದು ನಿನಗೆ ನೆನಪೈತಾ ಇಲ್ವಾ?" ಅಂತ ಗದರೋಳು. ನೆನಪಿತ್ತು. ನೆನಪು ತಡೀಲಾರದೇ ರಸ್ತೆಗೆ ಬಂದು ನಿಲ್ತಿದ್ಲು. ಆದ್ರೆ ನೋಡೋರಿಗೆ ಹೆಂಗೆ ಕಾಣಬೇಕೋ ಹಂಗೇ ಕಾಣ್ತು. ಗಡಿಗೆ ವಾಪಸ್ ಬಂದ ಮೇಲೆ ಸುದ್ದಿ ನಾಲ್ಕೂ ದಿಕ್ಕಿಗೆ ಹರಡ್ತು. ಸಾವಿಗೂ ಸಿಗದ ಗಡಿಗೆ, ತೊಳೆಯದ ಗಡಿಗೆ ಅಂತ ಲಾರಿಯೋರು ಹೆಸರಿಟ್ರು. ಅವರು ಹೇಳಿ ಹೇಳಿ ತಿರುವಿಗೂ ಅದೇ ಹೆಸರು ನಿಂತ್ಕೊಂಡ್ತು ಅಂತಾರೆ. ಜನ ಮುತ್ತಿಕೊಂಡ್ರು. ಚೌಡಪ್ಪ ಬೋರ್ಡು ಬರೆಸ್ದ.

ಅಲ್ಲಿಂದ ವನಜಾಕ್ಷಿಗೆ ಗಡಿಗೆ ವಾಸ್ನೆ ಬರೋದು ನಿಂತೋಯ್ತು. ಕಲಗಚ್ಚು ಅಂದ ಬಾಯಲ್ಲೇ "ನಮ್ಮತ್ತೆ ಗಡಿಗೆ" ಅಂತ ಶುರು ಹಚ್ಕೊಂಡ್ಲು. ಒಂದು ದಿನ ಸೌಟು ತಾನು ತಗೊಂಡ್ಲು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಮನೆ ಒಲೆ ಸೊಸೆಗೆ ಸೇರಿದ್ದು ಅಂದ್ಲು. ಮಂಚಮ್ಮನಿಗೆ ಹಿಂದಿನ ಜಗಲಿ, ರುಬ್ಬುಗುಂಡು, ಈರುಳ್ಳಿ ಮೂಟೆ. ಅದೂ ಸಾಲದೇ, ಉಣ್ಣೋಕೆ ಬಂದ ಹೆಂಗಸರ ಮುಂದೆ, "ಹೆತ್ತೋಳ ಬಾಯಿಗೆ ನೀರು ಬಿಡದ ಕೈ, ಆ ಕೈಲಿ ಹತ್ತು ಜನಕ್ಕೆ ಬಡಿಸಿದ್ರೆ ಏಳಿಗೆ ಆಗುತ್ತಾ ಹೇಳಿ" ಅನ್ನೋಳು. ಯುಗಾದಿ ಕಳೀಲಿ, ಅವಳನ್ನ ಅವಳ ಗಂಡನ ಊರಿಗೆ ಬಿಟ್ಟು ಬನ್ನಿ ಅಂತ ಚೌಡಪ್ಪನಿಗೆ ಅಪ್ಪಣೆನೂ ಆಯ್ತು. ಮಂಚಮ್ಮ ತಮ್ಮನ್ನ ಸೌದೆ ಕೊಟ್ಟಿಗೇಲಿ ಹಿಡಿದು ನಿಲ್ಲಿಸಿದ್ಲು.

"ಚೌಡ, ನನಗೆ ಮನೇಲಿ ಪಾಲು ಬೇಡ. ಅವ್ವ ಏನಂದ್ಲು ಅಂತ ನಾಲ್ಕು ಜನರ ಮುಂದೆ ಒಂದ್ಸಲ ಹೇಳು. ಅಷ್ಟು ಹೇಳು."

"ಈಗ್ಯಾಕಕ್ಕ ಅದೆಲ್ಲ" ಅಂದ ಚೌಡಪ್ಪ. "ಹೋದೋರು ಹೋದ್ರು. ಅವಳ ಬಾಯಿ ನಿಂಗೂ ಗೊತ್ತಲ್ಲ. ನಾನು ಅವಳ ಜೊತೆ ಬಾಳಬೇಕು."

"ನಾನು ಯಾರ ಜೊತೆ ಬಾಳಲಿ?"

ಚೌಡಪ್ಪ ಒಂದು ಕಂತೆ ಸೌದೆ ಎತ್ಕೊಂಡು ಒಳಗೆ ಹೋದ. ಅವತ್ತು ಅಡುಗೆ ಮನೇಲಿ ಸೌದೆ ಬೇಕಾದಷ್ಟಿತ್ತು.

ಯುಗಾದಿಗೆ ಮುಂಚಿನ ಹುಣ್ಣಿಮೆ ದಿನ ಹೋಟ್ಲಿಗೆ ರಜ. ಗಂಡ ಹೆಂಡ್ತಿ ತಿಪಟೂರಿಗೆ ಹೋಗಿದ್ರು. ಮಂಚಮ್ಮ ಬೆಳಗಿನ ಹೊತ್ತಲ್ಲೇ ಗಡಿಗೇನ ಹಿತ್ತಲಿಗೆ ತಂದ್ಲು. ಬಗ್ಗಿ ಒಳಗೆ ನೋಡಿದ್ಲು. ಅವ್ವ ಹಾಕಿದ ಮೊದಲ ಕಟ್ಟಿಂದ ಹಿಡಿದು ಎಲ್ಲಾ ಅದರೊಳಗೇ ಐತೆ ಅಂತ ಅವಳ ನಂಬಿಕೆ. ಬರೀ ಅವಳದಲ್ಲ, ಊರಿನ ನಂಬಿಕೆನೂ ಅದೇ. ಈ ತಳದ ಸಾರು ಹೋದ್ರೆ ರುಚಿ ಹೋಗ್ತದೆ, ಉಂಡೋರು ಮೊದಲ ತುತ್ತಿಗೇ ಉಗೀತಾರೆ, ಆಗ ನನ್ನನ್ನ ಕರೀಲೇಬೇಕು, ಹೊಸದಾಗಿ ಹದ ಹಿಡಿಸೋಕೆ ನನ್ನ ಬಿಟ್ಟು ಇನ್ಯಾರವ್ರೆ ಅಂತ ಲೆಕ್ಕ ಹಾಕಿದ್ಲು. ಸಾರು ಪೂರಾ ಎಮ್ಮೆ ಬಾನಿಗೆ ಸುರಿದ್ಲು. ಎಮ್ಮೆ ಮೂಸಿ ನೋಡಿ ಕುಡೀತು. ಆಮೇಲೆ ಬೂದಿ, ತೆಂಗಿನ ನಾರು ಹಾಕಿ ಒಳಗೆಲ್ಲ ಉಜ್ಜಿದ್ಲು. ತಳದಲ್ಲಿ ಹತ್ಕೊಂಡಿದ್ದ ಕರೀ ಸೀಕು ಕಿತ್ತು ಬರೋವಾಗ ಹೆಣ ತೊಳೀತಿದೀನಿ ಅನ್ನಿಸ್ತು ಅಂತ ಆಮೇಲೆ ಒಂದ್ಸಲ ಪುಟ್ಟತಾಯಮ್ಮನ ಹತ್ರ ಹೇಳ್ಕೊಂಡಿದ್ಲಂತೆ. ಹೊರಗಿನ ಮಸಿ ಮುಟ್ಟಲಿಲ್ಲ. ಮೊದಲು ಇದ್ದಷ್ಟೇ ಎತ್ತರಕ್ಕೆ ಹೊಸಾ ಕಟ್ಟು ಸುರಿದು, ಮುಚ್ಚಳ ಮುಚ್ಚಿ, ಒಲೆ ಮೇಲೆ ಇಟ್ಟು ಕೈ ತೊಳ್ಕೊಂಡ್ಲು.

ಮಾರನೇ ದಿನ ವನಜಾಕ್ಷಿ ಸಾರು ಮಾಡಿದ್ಲು. ಮಂಚಮ್ಮ ಹಿಂದಿನ ಬಾಗಿಲ ಸಂದಿಯಿಂದ ನೋಡ್ತಾ ನಿಂತ್ಲು. ಮೊದಲ ಪಂಕ್ತಿ ಕೂತ್ಕೊಂಡ್ತು. ಮೊದಲನೇ ಎಲೆ ಶೇಷಪ್ಪ ಮೇಷ್ಟ್ರದು. ಮೇಷ್ಟ್ರು ರಿಟೈರಾದ ಮೇಲೆ ದಿನಾ ಮಧ್ಯಾಹ್ನ ಇಲ್ಲೇ ಉಣ್ತಿದ್ರು, ನಾಲಿಗೆ ಅಂದ್ರೆ ಅವರದು ಅಂತ ಹೆಸರು, ಉಪ್ಪು ಒಂದು ಕಲ್ಲು ಹೆಚ್ಚಾದ್ರೆ ಎಲೆ ಮುಂದಕ್ಕೆ ತಳ್ಳೋ ಆಸಾಮಿ. ಮುದ್ದೆ ಮುರಿದು ಸಾರಲ್ಲಿ ಹೊರಳಿಸಿ ಬಾಯಿಗಿಟ್ಕೊಂಡ್ರು. ಮೇಷ್ಟ್ರು ಕಣ್ಣು ಮುಚ್ಚಿ ತಲೆ ಆಡಿಸಿ, "ಆಹಾ" ಅಂದ್ರು. "ಇದು ಕಣ್ರಯ್ಯ ಹಳೇ ರುಚಿ. ನಮ್ಮಜ್ಜಿ ಎದ್ದು ಬಂದು ಬಡಿಸ್ದಂಗಾಯ್ತು." ಪಕ್ಕದೋನು, ಅವನ ಪಕ್ಕದೋನು, ಎಲ್ಲರೂ ಅದೇ. ಯಾವ ಎಲೆನೂ ಮುಂದಕ್ಕೆ ಹೋಗಲಿಲ್ಲ. ಮೊದಲ ಪಂಕ್ತಿ ಉಂಡೆದ್ದ ಮೇಲೆ ತಡೀಲಾರದೇ ಮಂಚಮ್ಮ, ಕೈ ತೊಳೀತಿದ್ದ ಮೇಷ್ಟ್ರ ಹತ್ರ ಬಂದ್ಲು.

"ಮೇಷ್ಟ್ರೇ, ಸಾರು ಬೇರೆ ಥರ ಅನ್ನಿಸ್ಲಿಲ್ವಾ ಇವತ್ತು?"

ಮೇಷ್ಟ್ರು ಒದ್ದೆ ಕೈನ ಪಂಚೆಗೆ ಒರೆಸ್ತಾ ಯೋಚನೆ ಮಾಡಿದ್ರು. "ಹ್ಞೂಂ ಕಣಮ್ಮ, ಹೇಳೋಣ ಅಂತಿದ್ದೆ. ಎಂದಿಗಿಂತ ಇವತ್ತು ಒಂದು ಕೈ ಮೇಲೇನೇ."

ಗೊತ್ತಾಗಿದ್ದು ಒಬ್ಬಳಿಗೇ. ತಳಕ್ಕೆ ಸೌಟು ಹಾಕಿದಾಗ ಕರಕರ ಅಂತ ಸಿಗೋ ಸೀಕು ಸಿಗದೇ ಇದ್ದಾಗಲೇ ವನಜಾಕ್ಷಿಗೆ ಗೊತ್ತಾಗಿತ್ತು. ಆ ಘಟವಾಣಿ ಕೂಗಾಡಲಿಲ್ಲ, ಗಂಡನ್ನೂ ಕರೀಲಿಲ್ಲ. ಊಟದ ಗಲಾಟೆ ಇಳಿದ ಮೇಲೆ ಹಿಂದಿನ ಜಗಲಿಗೆ ಬಂದು, ಈರುಳ್ಳಿ ಸುಲೀತಿದ್ದ ಮಂಚಮ್ಮನ ಪಕ್ಕ ಕುಕ್ಕುರುಗಾಲಲ್ಲಿ ಕೂತ್ಲು. ಮದುವೆಯಾಗಿ ಬಂದ ಮೇಲೆ ಅವಳು ಹಂಗೆ ಪಕ್ಕ ಕೂತಿದ್ದು ಅದೇ ಮೊದಲಂತೆ. "ತೊಳೆದಿದ್ದು ಒಳ್ಳೇದಾಯ್ತು ಅತ್ತಿಗೆ. ನನಗೆ ತೊಳೆಯೋಕೆ ಧೈರ್ಯ ಇರಲಿಲ್ಲ" ಅಂದ್ಲು, ಮೆತ್ತಗೆ, ಕಷ್ಟ ಸುಖ ಮಾತಾಡೋ ಹಂಗೆ. "ಯಾರ ಹತ್ರನೂ ಹೇಳೋಕೆ ಹೋಗ್ಬೇಡಿ. ಹೇಳಿದ್ರೆ ನಿಮಗೇ ನಗ್ತಾರೆ." ಎದ್ದು ಹೋಗೋವಾಗ ಸುಲಿದ ಈರುಳ್ಳಿ ಮೊರ ತಾನೇ ಎತ್ಕೊಂಡು ಹೋದ್ಲು.

ಮಂಚಮ್ಮ ಹೇಳದೇ ಇರಲಿಲ್ಲ. ಯುಗಾದಿ ಆಯ್ತು, ಟ್ರಂಕು ಹೊರಗೆ ಬಂತು. ಅವಳು ಬಸ್ಸು ಹತ್ತದೇ ರಸ್ತೆ ದಾಟಿ ಪುಟ್ಟತಾಯಮ್ಮನ ಮನೆ ಮೂಲೆ ಕೋಣೆ ಸೇರ್ಕೊಂಡ್ಲು. ಅಲ್ಲಿಂದ ಉಣ್ಣೋಕೆ ಬರೋರನ್ನ ನಿಲ್ಲಿಸಿ ನಿಲ್ಲಿಸಿ ಹೇಳಿದ್ಲು. ಆ ಗಡಿಗೆ ತೊಳೆದೈತೆ, ನಾನೇ ತೊಳೆದೆ, ಬೂದಿ ಹಾಕಿ ತೊಳೆದೆ, ಅದರಲ್ಲಿ ಹಳೇದು ಏನೂ ಇಲ್ಲ ಅಂತ. ಜನ ಪಾಪ ಅಂದ್ರು, ಹೊಟ್ಟೆಕಿಚ್ಚು ಅಂದ್ರು, ಹಲ್ಲಿಗೆ ಕಡ್ಡಿ ಚುಚ್ಕೊಂಡು ಹೋದ್ರು. ಒಂದು ದಿನ ಶೇಷಪ್ಪ ಮೇಷ್ಟ್ರೇ ಹೋಟ್ಲಲ್ಲಿ ಕೂತು, ಏನು ಚೌಡಪ್ಪ, ನಿಮ್ಮಕ್ಕ ಹಿಂಗಂತಾಳಲ್ಲ ಅಂತ ಎಲ್ಲರ ಮುಂದೆ ಕೇಳಿಬಿಟ್ರು. ತಲೆ ತಗ್ಗಿಸೋದೊಂದೇ ಗೊತ್ತಿದ್ದ ಚೌಡಪ್ಪ ಅವತ್ತು ತಲೆ ಎತ್ತಿದ. "ಅಕ್ಕಂಗೆ ಅವ್ವ ಹೋದಾಗಿಂದ ತಲೆ ಸರಿ ಇಲ್ಲ ಮೇಷ್ಟ್ರೇ" ಅಂದ. ಆಚೆ ಜಗಲಿ ಮೇಲೆ ಕೂತಿದ್ದ ಮಂಚಮ್ಮನಿಗೆ ಅದು ಚೆನ್ನಾಗೇ ಕೇಳಿಸ್ತು. ಈ ತಮ್ಮನ ಬಾಯಿಂದ ನಾಲ್ಕು ಜನರ ಮುಂದೆ ಒಂದು ಮಾತು ಬರಲಿ ಅಂತ ಅಷ್ಟು ಕಾದಿದ್ಲಲ್ಲ, ಬಂತು. ಅವತ್ತಿಂದ ಅವಳು ಗಡಿಗೆ ಸುದ್ದಿ ಎತ್ತಲಿಲ್ಲ.

ಚೌಡಪ್ಪ ಹೋದ, ಮೇಷ್ಟ್ರು ಹೋದ್ರು, ಪುಟ್ಟತಾಯಮ್ಮನೂ ಹೋದ್ಲು. ವನಜಾಕ್ಷಿ ಫೋಟೋ ಮಗ ಮಧುಕುಮಾರನ ಗಲ್ಲಾಪೆಟ್ಟಿಗೆ ಮೇಲೆ ಬೆಟ್ಟಮ್ಮನ ಫೋಟೋ ಪಕ್ಕದಲ್ಲೇ ಹಾರ ಹಾಕಿಸ್ಕೊಂಡು ನಿಂತೈತೆ. ಈಗ ಸಾರು ಕುದಿಯೋದು ಹಿಂದಗಡೆ ಗ್ಯಾಸಿನ ಮೇಲೆ, ಆಳೆತ್ತರದ ಸ್ಟೀಲ್ ಪಾತ್ರೇಲಿ. ದಿನಾ ಸಾಯಂಕಾಲ ಅದನ್ನ ಸೋಪು ಹಾಕಿ ಉಜ್ತಾರೆ. ಮಣ್ಣಿನ ಗಡಿಗೆ ಬಾಗಿಲಲ್ಲಿ ಪೂಜೆಗೆ, ಫೋಟೋಗೆ. ನೋಡೋಕೆ ಬರೋರು ಅದನ್ನೇ ನೋಡ್ತಾರೆ, ಅದರೊಳಗೆ ಬಗ್ಗಿ ನೋಡಿದೋರು ಇಲ್ಲ.

ಎದುರು ಜಗಲಿ ಮೇಲೆ ಬತ್ತಿ ಹೊಸೀತಾ ಕೂತಿರೋ ಮುದುಕಿನೂ ಅವರಿಗೆ ಕಾಣ್ತಾಳೆ, ಆದ್ರೆ ಅವಳ ಫೋಟೋ ಯಾರೂ ಹಿಡಿಯಲ್ಲ. ಹೊಸಬರು ಕಾರಿನ ಗಾಜು ಇಳಿಸಿ ಅವಳನ್ನೇ ದಾರಿ ಕೇಳ್ತಾರೆ. ಮಂಚಮ್ಮ ಕತ್ತೆತ್ತಿ ಎದುರು ಮನೆ ಕಡೆ ಕೈ ತೋರಿಸ್ತಾಳೆ. ಊಟ ಚೆನ್ನಾಗಿರುತ್ತಾ ಅಜ್ಜಿ ಅಂತ ಹಿಂದಿನ ಸೀಟಿನ ಮಕ್ಕಳು ಕೇಳಿದ್ರೆ, ಅವಳು ಮತ್ತೆ ಬತ್ತಿ ಕಡೆ ತಿರುಗಿ ಹೇಳ್ತಾಳೆ.

"ಹೋಗ್ರಪ್ಪ, ಹೋಗಿ ಉಣ್ಣಿ. ಯಾರು ಉಂಡ್ರೂ ಸರಿ, ಅವರವರ ಅಜ್ಜಿ ಮಾಡ್ದಂಗೇ ಇರ್ತೈತೆ."

ಅವರಿಗೆ ಆ ಮಾತು ಬಲೇ ಇಷ್ಟ ಆಗ್ತೈತೆ. ನಗ್ತಾ ಕಾರು ನಿಲ್ಲಿಸಿ ರಸ್ತೆ ದಾಟ್ತಾರೆ, ಚಪ್ಪಲಿ ಬಿಟ್ಟು ಗಡಿಗೆಗೆ ಕೈ ಮುಗಿದು ಒಳಗೆ ಹೋಗ್ತಾರೆ.